ಅವ್ರು ಇಲ್ಲಿಗೇ ಯಾಕ್ ಬಂದ್ರು?

ಹೋದ ವರ್ಷ ಯುಗಾದಿಗೆ ಕೆಂಕೆರೆಗೆ ಹೋಗಿದ್ದಾಗ ಅಪ್ಪ ಅಟ್ಟದ ಮೇಲೆ ಕೂತು ಕಾಯಿ ಇಳಿಸುತ್ತಿದ್ದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆದು ಮಾರುವವರು ಕಡಿಮೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳೋ ಒಂದು ವರ್ಷವೋ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅದೇ ಉಂಡೆ ಕೊಬ್ಬರಿ. ತಿಪಟೂರು ಮಾರುಕಟ್ಟೆಯಿಂದ ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತದೆ.

ಅಪ್ಪ ಒಂದೊಂದೇ ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ, ಉಂಡೆ ಗಡಗಡ ಅಂದರೆ ಕೆಳಗೆ ನಿಂತಿದ್ದ ನನ್ನ ಕೈಗೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ಕೇಳಿದರು: "ನಿಮ್ ಕಂಪನಿಯೋರು ಅಮೇರಿಕದೋರು ಅಂತೀಯ. ಅಷ್ಟು ದೊಡ್ಡ ದೇಶ ಬಿಟ್ಟು ಅವ್ರು ಇಲ್ಲಿಗೇ ಯಾಕ್ ಬಂದ್ರಪ್ಪ?"

"ಇಲ್ಲಿ ಸಂಬಳ ಕಮ್ಮಿ ಕೊಟ್ರೆ ಆಗುತ್ತೆ ಅಪ್ಪ" ಅಂದೆ.

"ಕೆಂಕೆರೇಲಿ ಇನ್ನೂ ಕಮ್ಮಿ. ಇಲ್ಲಿಗ್ಯಾಕ್ ಬರ್ಲಿಲ್ಲ?"

ನಾನು ಈ ಕಸುಬಿಗೆ ಬಿದ್ದು ಹದಿನೈದು ವರ್ಷದ ಹತ್ತಿರ ಬಂತು. ಒಂದು ವಿದೇಶಿ ಕಂಪನಿಯ ಸಂಶೋಧನೆ ಮತ್ತು ಅಭಿವೃದ್ಧಿ ವಿಭಾಗದಲ್ಲಿ ಕೂತು ಸಂಬಳ ತಿನ್ನುತ್ತಿದ್ದೇನೆ. ಆದರೂ ಈ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಒಂದೇ ಸಾಲಿನ ಉತ್ತರ, ಅದನ್ನೂ ಅಪ್ಪ ಒಂದೇ ಮಾತಿನಲ್ಲಿ ಕೆಡವಿಬಿಟ್ಟರು. ಆಮೇಲೆ ಬಿಡುವಾದಾಗಲೆಲ್ಲ ಕೂತು ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ಲೆಕ್ಕ. ರೇಮಂಡ್ ವರ್ನನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ಒಂದು ಪ್ರಬಂಧ ಬರೆದರು. ಅವರ ವಾದ ಸರಳ. ಹೊಸ ಪದಾರ್ಥ ಹುಟ್ಟುವುದು ಶ್ರೀಮಂತ ದೇಶದಲ್ಲಿ, ಕೊಳ್ಳುವವರ ಪಕ್ಕದಲ್ಲಿ. ಅದು ಹಳೆಯದಾಗಿ ಯಾರು ಬೇಕಾದರೂ ಮಾಡಬಹುದು ಅನ್ನುವ ಹಂತಕ್ಕೆ ಬಂದಮೇಲೆ ಕಾರ್ಖಾನೆ ಬಡ ದೇಶಕ್ಕೆ ಹೋಗುತ್ತದೆ. ತಲೆ ಮನೆಯಲ್ಲಿ, ಕೈ ಹೊರಗೆ. ನಮ್ಮ ವಿಷಯದಲ್ಲಿ ಆದದ್ದು ತಲೆಕೆಳಗು. ಬೆಂಗಳೂರಿಗೆ ಚಿಪ್ ತಯಾರಿಸುವ ಕಾರ್ಖಾನೆ ಬರಲೇ ಇಲ್ಲ, ಚಿಪ್ ವಿನ್ಯಾಸ ಮಾಡುವ ಕೆಲಸ ಬಂತು.

ತಲೆಯನ್ನು ಹೊರಗೆ ಇಡುವುದೇನೂ ಬೆಂಗಳೂರಿನಿಂದ ಶುರುವಾದದ್ದಲ್ಲ. ಐಬಿಎಂ 1956ರಲ್ಲೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಪ್ರಯೋಗಾಲಯ ತೆರೆದಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಸಂಬಳ ಅಗ್ಗ ಅಂತ ಯಾರೂ ಹೇಳಲಾರರು. ಅಲ್ಲಿ ಒಳ್ಳೆಯ ತಾಂತ್ರಿಕ ವಿಶ್ವವಿದ್ಯಾಲಯ ಇತ್ತು, ಯೂರೋಪಿನ ಭೌತವಿಜ್ಞಾನಿಗಳು ಊರು ಬಿಟ್ಟು ಅಮೆರಿಕಕ್ಕೆ ಬರಲು ಒಪ್ಪದಿದ್ದರೆ ಅವರಿದ್ದಲ್ಲಿಗೇ ಹೋಗಬೇಕಿತ್ತು. ಆ ಪ್ರಯೋಗಾಲಯದವರಿಗೆ 1986ರಲ್ಲಿ ಒಂದು, 1987ರಲ್ಲಿ ಇನ್ನೊಂದು, ಸಾಲಾಗಿ ಎರಡು ನೊಬೆಲ್ ಬಂತು. ಅದೇ ಐಬಿಎಂ ಭಾರತದಲ್ಲಿ ಏನು ಮಾಡಿತ್ತು? ವಿದೇಶಿ ಪಾಲು ಇಳಿಸಿಕೊಳ್ಳಿ ಎಂಬ ಕಾನೂನಿಗೆ ಒಪ್ಪದೆ 1978ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋಗಿತ್ತು.

ಅಂಥ ಕಾಲದ ಬೆನ್ನಿಗೇ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇದು ಚಿಲ್ಲರೆ ಕಂಪನಿಯಲ್ಲ. ಜ್ಯಾಕ್ ಕಿಲ್ಬಿ 1958ರಲ್ಲಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದ್ದು ಇದರ ಪ್ರಯೋಗಾಲಯದಲ್ಲೇ. ಅವರು ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಜಾಗ ಹಿಡಿದರು. ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುವುದು ಮೊದಲ ಕೆಲಸ. ಬಹುರಾಷ್ಟ್ರೀಯ ಕಂಪನಿಯೊಂದು ಈ ದೇಶದಲ್ಲಿ ತೆರೆದ ಮೊದಲ ಇಂಥ ವಿನ್ಯಾಸ ಕೇಂದ್ರ ಅದು.

ತೊಡಕು ಇದ್ದದ್ದು ಕೆಲಸವನ್ನು ಕಳಿಸುವುದರಲ್ಲಿ. ಆಗ ಮನೆಗೊಂದು ಟೆಲಿಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ದೇಶದಲ್ಲಿ ಇವರಿಗೆ ಅಮೆರಿಕದ ಕಂಪ್ಯೂಟರ್ ಜೊತೆ ನೇರ ಸಂಪರ್ಕ ಬೇಕಿತ್ತು. ಖಾಸಗಿಯವರು ಸ್ವಂತ ಉಪಗ್ರಹ ಸಂಪರ್ಕ ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೊನೆಗೆ ಆದ ಏರ್ಪಾಡು ನಮ್ಮೂರ ಪಾಲುದಾರಿಕೆ ಇದ್ದ ಹಾಗೆ: ದುಡ್ಡು ಕಂಪನಿಯದು, ಯಜಮಾನಿಕೆ ಸರ್ಕಾರದ್ದು. ಡಿಶ್ ಆಂಟೆನಾವನ್ನು ಸೋನಾ ಟವರ್ಸ್‌ಗೆ ಸಾಗಿಸಿದ್ದು ಎತ್ತಿನ ಗಾಡಿಯಲ್ಲಿ. ಫೋಟೋ ಇದೆ, ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ. ಆ ಸಂಪರ್ಕದ ವೇಗ ಸೆಕೆಂಡಿಗೆ 64 ಕಿಲೋಬಿಟ್. ನೀವು ವಾಟ್ಸಾಪಿನಲ್ಲಿ ಕಳಿಸುವ ಮೂರು ಎಂಬಿಯ ಫೋಟೋ ಆ ತಂತಿಯಲ್ಲಿ ಹೋಗಬೇಕಾದರೆ ಆರು ನಿಮಿಷಕ್ಕೂ ಹೆಚ್ಚು ಬೇಕು, ಅದೂ ಬೇರೆ ಯಾರೂ ಅದನ್ನು ಮುಟ್ಟದಿದ್ದರೆ.

ಈ ಎತ್ತಿನ ಗಾಡಿಯ ಫೋಟೋವನ್ನು ನಮ್ಮ ಆಫೀಸುಗಳಲ್ಲಿ ನಗಾಡಿಕೊಂಡು ತೋರಿಸುತ್ತಾರೆ. 'ಎಲ್ಲಿಂದ ಎಲ್ಲಿಗೆ ಬಂದೆವು ನೋಡಿ' ಅಂತ. ನನಗೆ ಅದಕ್ಕಿಂತ ಅದರ ಅಣ್ಣನ ಫೋಟೋ ಇಷ್ಟ. 1981ರಲ್ಲಿ ಇಸ್ರೋದವರು ಇದೇ ಬೆಂಗಳೂರಿನಲ್ಲಿ ಆ್ಯಪಲ್ ಎಂಬ ಸಂಪರ್ಕ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ್ದರು. ಬಡತನಕ್ಕೆ ಹಾಗೆ ಮಾಡಿದ್ದಲ್ಲ. ಆಂಟೆನಾ ಪರೀಕ್ಷೆ ಮಾಡುವಾಗ ಲಾರಿಯ ಕಬ್ಬಿಣ ಅಡ್ಡ ಬರುತ್ತದೆ, ಮರದ ಗಾಡಿ ಬರುವುದಿಲ್ಲ. ಬಯಲಲ್ಲಿ ಲೋಹವಿಲ್ಲದ ವಾಹನ ಬೇಕು ಅಂದಾಗ ಒಬ್ಬರಿಗೆ ಎತ್ತಿನ ಗಾಡಿ ಹೊಳೆಯಿತಲ್ಲ, ಅಂಥವರು ಇದ್ದ ಊರಿಗೆ ನಾಲ್ಕು ವರ್ಷದ ಮೇಲೆ ಟೆಕ್ಸಾಸಿನವರು ಬಂದದ್ದು.

ಅಪ್ಪನ ಎರಡನೇ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಅಂಥವರು ಬೆಂಗಳೂರಿನಲ್ಲಿ ಸೇರಿಕೊಂಡದ್ದು ಒಂದೆರಡು ವರ್ಷದಲ್ಲಿ ಅಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು, ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಜಮ್ಷೆಡ್‌ಜಿ ಟಾಟಾ ಕನಸು ಕಂಡ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ 371 ಎಕರೆ ಕೊಟ್ಟಿತು, 1909ರಲ್ಲಿ ಅದು ಸ್ಥಾಪನೆಯಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಎಂಜಿನಿಯರಿಂಗ್ ಕಾಲೇಜು. ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ, 1940ರಲ್ಲಿ, ವಾಲ್‌ಚಂದ್ ಹಿರಾಚಂದ್ ವಿಮಾನ ಕಾರ್ಖಾನೆ ಶುರು ಮಾಡಿದರು, ಮೈಸೂರು ಸರ್ಕಾರ ಅದರಲ್ಲಿ ಪಾಲು ಹಾಕಿತು. ವಿಮಾನ ಬಂದದ್ದಕ್ಕೆ ಎರಡೇ ವರ್ಷದಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ ತೆರೆಯಿತು. ಆಮೇಲೆ ಐಟಿಐ, ಎಚ್ಎಂಟಿ, ಬಿಇಎಲ್, ಎನ್ಎಎಲ್, 1972ರಲ್ಲಿ ಇಸ್ರೋ ಕೇಂದ್ರ ಕಚೇರಿ. ಬಿಇಎಲ್ 1960ರ ದಶಕದಲ್ಲೇ ಟ್ರಾನ್ಸಿಸ್ಟರ್ ಮಾಡುತ್ತಿತ್ತು. ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗರು ಊರ ಹೊರಗೆ ಎಲೆಕ್ಟ್ರಾನಿಕ್ ಸಿಟಿ ಮಾಡುತ್ತೇವೆ ಅಂತ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ ಮುನ್ನೂರಕ್ಕೂ ಹೆಚ್ಚು ಎಕರೆ ಹಿಡಿದಾಗ ಅಲ್ಲಿ ಇದ್ದದ್ದು ರಾಗಿ ಹೊಲ.

ಎಂಬತ್ತು ವರ್ಷ ಅಟ್ಟದಲ್ಲಿಟ್ಟ ಕಾಯಿ ಇದು. ವಿದೇಶಿ ಕಂಪನಿ ಬಂದು ಅಲ್ಲಾಡಿಸಿ ನೋಡಿತು, ಉಂಡೆ ಗಡಗಡ ಅಂತು. ಇಷ್ಟನ್ನು ಸರ್ಕಾರದ ದುಡ್ಡಿನಲ್ಲಿ, ಮೊದಲು ಮೈಸೂರಿನದು ಆಮೇಲೆ ದೆಹಲಿಯದು, ಕಟ್ಟಿದ್ದು ಅನ್ನುವುದನ್ನು ನಮ್ಮ ಉದ್ಯಮದವರು ಭಾಷಣದಲ್ಲಿ ಹೇಳುವುದು ಕಡಿಮೆ. ಅವರ ಕತೆ 1991ರಿಂದ ಶುರುವಾಗುತ್ತದೆ. ಆ ವರ್ಷ ಆರ್ಥಿಕತೆಯ ಬಾಗಿಲು ತೆರೆದದ್ದೂ, ಉಪಗ್ರಹ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ಹಂಚಲು ಎಸ್‌ಟಿಪಿಐ ಬಂದದ್ದೂ ನಿಜ. ಆದರೆ ಬಾಗಿಲು ತೆರೆದರೆ ಒಳಗೆ ಏನಾದರೂ ಇರಬೇಕಲ್ಲ.

ಇನ್ನು ಗಡಿಯಾರದ ಲೆಕ್ಕ. ಬೆಂಗಳೂರಿಗೂ ಡಲ್ಲಾಸಿಗೂ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅವರು ಮಲಗಿದಾಗ ನಾವು ಕೆಲಸ ಮಾಡಬಹುದು, ಒಂದೇ ಯೋಜನೆ ದಿನಪೂರ್ತಿ ಓಡುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ನಿಜದಲ್ಲಿ ರಾತ್ರಿ ಒಂಬತ್ತೂವರೆಗೆ ಮೀಟಿಂಗ್ ಹಚ್ಚಿಕೊಂಡು, ಒಂದು ಕೈಯಲ್ಲಿ ಮಗುವಿಗೆ ಊಟ ಮಾಡಿಸುತ್ತಾ 'ಯಸ್ ಯಸ್' ಅನ್ನುವವರಿಗೆ ಗೊತ್ತು ಅದರ ಸುಖ.

1989ರಲ್ಲಿ ಎಚ್‌ಪಿ, 1991ರಲ್ಲಿ ಮೊಟೊರೊಲಾ, 1996ರಲ್ಲಿ ಫಿಲಿಪ್ಸ್ ಮತ್ತು ಮರ್ಸಿಡಿಸ್ ಬೆಂಜ್, 1998ರಲ್ಲಿ ಎಸ್ಎಪಿ, 2000ದಲ್ಲಿ ವೈಟ್‌ಫೀಲ್ಡ್ ಕಡೆ ಜನರಲ್ ಎಲೆಕ್ಟ್ರಿಕ್‌ನ ಜಾನ್ ಎಫ್. ವೆಲ್ಚ್ ಕೇಂದ್ರ, 2005ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್. ಪಟ್ಟಿ ಉದ್ದ ಇದೆ, ಬಿಡಿ. ಮೊದಮೊದಲು ಬಂದದ್ದು ಬೇರೆಯವರು ಬಿಟ್ಟ ಚೂರುಪಾರು ಕೆಲಸ. ಇಡೀ ಪದಾರ್ಥ ಇಲ್ಲೇ ಹುಟ್ಟಿದ್ದು ನಿಧಾನಕ್ಕೆ. 2008ರಲ್ಲಿ ಇಂಟೆಲ್ ಬಿಟ್ಟ ಡನ್ನಿಂಗ್ಟನ್ ಎಂಬ ಆರು ಕೋರಿನ ಸರ್ವರ್ ಪ್ರೊಸೆಸರ್ ಬೆಂಗಳೂರಿನಲ್ಲಿ ವಿನ್ಯಾಸವಾದದ್ದು. ಅದಕ್ಕಿಂತ ನನಗೆ ಹಿಡಿಸಿದ್ದು ಜಿಇಯವರ ಇಸಿಜಿ ಯಂತ್ರ, ಮ್ಯಾಕ್ 400. ದೊಡ್ಡ ಆಸ್ಪತ್ರೆಯ ಇಸಿಜಿ ಯಂತ್ರವನ್ನು ಹಳ್ಳಿಗೆ ಒಯ್ಯಲು ಆಗುವುದಿಲ್ಲ, ಬೆಲೆಯೂ 2,000 ಡಾಲರ್. ಬೆಂಗಳೂರಿನವರು ಅದನ್ನು ಬೆನ್ನಿನ ಚೀಲದಲ್ಲಿ ಹಿಡಿಸುವ, ಬ್ಯಾಟರಿಯಲ್ಲೂ ಓಡುವ, 800 ಡಾಲರಿನ ಯಂತ್ರ ಮಾಡಿದರು. ಅದರ ಪ್ರಿಂಟರ್ ಎಲ್ಲಿಯದು ಗೊತ್ತೇ? ಕಂಡಕ್ಟರ್ ಕೈಯಲ್ಲಿ ಇರುತ್ತದಲ್ಲ, ಟಿಕೆಟ್ ಹರಿದು ಕೊಡುವ ಪುಟ್ಟ ಯಂತ್ರ, ಆ ಜಾತಿಯದು. ಅಮೆರಿಕದ ಪ್ರಯೋಗಾಲಯದಲ್ಲಿ ಕೂತವರಿಗೆ ಇದು ಹೊಳೆಯುವುದು ಕಷ್ಟ. ಅವರು ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋಗುವವರಲ್ಲ.

ಹೀಗೆ ಓದುತ್ತಾ ಹೋದ ಹಾಗೆ ಹೆಮ್ಮೆ ಏರುತ್ತಿತ್ತು. ಇಳಿಸಿದ್ದು ನುಸಿ.

ನಾನು ಪಿಯುಸಿ ಓದುವ ಹೊತ್ತಿಗೆ ನಮ್ಮ ತೋಟಕ್ಕೆ ನುಸಿ ರೋಗ ಬಂತು. ಕಣ್ಣಿಗೆ ಕಾಣದ ಹುಳ, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಎಳೆಗಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರುತ್ತದೆ. ಕಾಯಿ ಕಂದು ಬಣ್ಣಕ್ಕೆ ತಿರುಗಿ, ಬಿರಿದು, ಮುಷ್ಟಿಗಾತ್ರಕ್ಕೆ ನಿಂತುಬಿಡುತ್ತದೆ. ಅದರ ವೈಜ್ಞಾನಿಕ ಹೆಸರಿನಲ್ಲೇ ಊರು ಇದೆ: ಮೆಕ್ಸಿಕೋದ ಗೆರೆರೋ ಪ್ರಾಂತ್ಯ. 1965ರಲ್ಲಿ ಅಲ್ಲಿಯ ಮಾದರಿ ನೋಡಿ ಹೆಸರಿಟ್ಟರು. ಆಫ್ರಿಕಾ ಸುತ್ತಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು, ಗಾಳಿಯಲ್ಲಿ ತೇಲಿಕೊಂಡು ನಮ್ಮಲ್ಲಿಗೆ. ನಿಜವಾದ ಬಹುರಾಷ್ಟ್ರೀಯ ಅಂದರೆ ಅದು, ಯಾವ ಪರವಾನಗಿಯೂ ಕೇಳಲಿಲ್ಲ.

ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಒಂದರ ಮೇಲೊಂದು ಸಂಶೋಧನಾ ಕೇಂದ್ರ ಉದ್ಘಾಟನೆ ಆಗುತ್ತಿತ್ತು. ಒಂದಾದರೂ ತೆಂಗಿನ ನುಸಿಗೆ ಅಂತ ತೆರೆಯಲಿಲ್ಲ. ಯಾಕೆ ಅಂತ ಈಗ ನನಗೆ ಅರ್ಥವಾಗುತ್ತದೆ. ಹತ್ತಿಗೆ ಕಂಪನಿ ಬಂತು. ಹತ್ತಿಯ ಬೀಜವನ್ನು ವರ್ಷವರ್ಷ ಮಾರಬಹುದು. ರೈತಸಂಘದವರು 1998ರಲ್ಲಿ ಮೊನ್ಸಾಂಟೋದ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟರೂ 2002ರಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ತೆಂಗಿಗೆ ಬೀಜ ಅಂದರೆ ಕಾಯೇ. ಒಂದು ಸಲ ನೆಟ್ಟರೆ ಫಸಲಿಗೆ ಆರೇಳು ವರ್ಷ, ಆಮೇಲೆ ಅಪ್ಪ ನೆಟ್ಟದ್ದು ಮೊಮ್ಮಗನವರೆಗೂ ನಿಲ್ಲುತ್ತದೆ. ಇಂಥ ಬೆಳೆಗಾರ ಯಾವ ಕಂಪನಿಗೂ ಗಿರಾಕಿಯಲ್ಲ. ಸಮಸ್ಯೆ ಇದ್ದಲ್ಲಿಗೆ ಸಂಶೋಧನೆ ಬರುತ್ತದೆ ಅಂದುಕೊಂಡಿದ್ದೆ. ಅದು ಬರುವುದು ತಲೆ ಇದ್ದಲ್ಲಿಗೆ, ಇಲ್ಲವೇ ಗಿರಾಕಿ ಇದ್ದಲ್ಲಿಗೆ.

ತೆಂಗಿಗೆ ಸಂಶೋಧನೆ ಆದದ್ದು ಕಾಸರಗೋಡಿನಲ್ಲಿ. ಅದು ಇನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲಕ್ಕೆ, 1916ರಲ್ಲಿ, ಸರ್ಕಾರ ಅಲ್ಲೊಂದು ತೆಂಗು ಸಂಶೋಧನಾ ಕೇಂದ್ರ ತೆರೆಯಿತು. ಪಕ್ಕದ ನೀಲೇಶ್ವರದಲ್ಲಿ 1930ರ ದಶಕದಲ್ಲಿ ಜೆ.ಎಸ್. ಪಟೇಲ್ ಎಂಬ ವಿಜ್ಞಾನಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಕೂಡಿಸಿ ಜಗತ್ತಿನ ಮೊದಲ ಮಿಶ್ರತಳಿ ತೆಂಗು ಮಾಡಿದರು. ನಮ್ಮ ನಾಡತಳಿಗೆ 'ತಿಪಟೂರು ಟಾಲ್' ಅಂತ ಪುಸ್ತಕದಲ್ಲಿ ಹೆಸರು ಸಿಕ್ಕಿದ್ದೂ ಇಂಥ ಸರ್ಕಾರಿ ಕೇಂದ್ರಗಳ ಕೆಲಸದಿಂದಲೇ. ನುಸಿ ಬಂದಾಗ ಅವರು ಹೇಳಿದ ಮದ್ದು ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಗೊನೆಗೆ ಹೊಡೆಯುವುದು. ಅಮ್ಮ ಬೆಳ್ಳುಳ್ಳಿ ಜಜ್ಜಿ ಜಜ್ಜಿ ಕೈ ಉರಿಸಿಕೊಂಡದ್ದು ನೆನಪಿದೆ. ಮನೆಯೆಲ್ಲಾ ಒಗ್ಗರಣೆ ವಾಸನೆ. ಆದರೆ ಅರವತ್ತು ಅಡಿ ಮರ ಹತ್ತಿ ಗೊನೆಗೊನೆಗೆ ಹೊಡೆಯುವವರು ಎಲ್ಲಿ ಸಿಗುತ್ತಾರೆ? ಅಪ್ಪ ಅರ್ಧ ತೋಟಕ್ಕೆ ಹೊಡೆಸಿ ಕೈಬಿಟ್ಟರು. ಆ ವರ್ಷ ಅಟ್ಟ ಅರ್ಧ ಖಾಲಿ. ನನ್ನನ್ನು ತುಮಕೂರಿಗೆ ಬಿಇ ಓದಲು ಕಳಿಸಿದ್ದು ಕೊಬ್ಬರಿ ದುಡ್ಡಿನಲ್ಲಿ ಅಲ್ಲ, ಸಾಲದಲ್ಲಿ. ಮಗ ತೋಟಕ್ಕೆ ಬರುವುದು ಬೇಡ ಅಂತ ಅಪ್ಪ ತೀರ್ಮಾನ ಮಾಡಿದ್ದೂ ಆಗಲೇ ಇರಬೇಕು, ಬಾಯಿಬಿಟ್ಟು ಹೇಳಲಿಲ್ಲ.

ಬಂದವರು ಹೋಗುವುದೂ ಉಂಟು. ಸ್ವೀಡನ್ನಿನ ಆಸ್ಟ್ರಾ ಔಷಧಿ ಕಂಪನಿ 1980ರ ದಶಕದಲ್ಲೇ ಬೆಂಗಳೂರಿಗೆ ಬಂದಿತ್ತು. ಆಸ್ಟ್ರಾಜೆನೆಕಾ ಆದಮೇಲೆ 2003ರಲ್ಲಿ ಕ್ಷಯ ರೋಗಕ್ಕೇ ಅಂತ ಇಲ್ಲೊಂದು ಸಂಶೋಧನಾ ಕೇಂದ್ರ ತೆರೆಯಿತು. ಬಡವರ ಕಾಯಿಲೆಗೆ ವಿದೇಶಿ ಕಂಪನಿ ಮದ್ದು ಹುಡುಕುವುದು ಅಪರೂಪ. 2014ರ ಜನವರಿಯಲ್ಲಿ, ಇನ್ನು ನಾವು ಕ್ಯಾನ್ಸರ್, ಹೃದಯ, ಶ್ವಾಸಕೋಶ ಇಂಥವಕ್ಕೆ ಗಮನ ಕೊಡುತ್ತೇವೆ ಅಂತ ಬೆಂಗಳೂರಿನ ಸಂಶೋಧನೆ ಮುಚ್ಚುವುದಾಗಿ ಹೇಳಿತು. 168 ಜನರ ಕೆಲಸ. ಕ್ಷಯ ಮಾತ್ರ ಎಲ್ಲಿಗೂ ಹೋಗಿಲ್ಲ.

ಇದನ್ನೆಲ್ಲ ಇಷ್ಟು ಕೂತು ಓದಿದ್ದಕ್ಕೆ ಇನ್ನೊಂದು ಕಾರಣ ಇದೆ. ಅಟ್ಟದ ಕೆಳಗೆ ನಿಂತಿದ್ದಾಗ ಅಪ್ಪನಿಗೆ ಹೇಳದೆ ಇಟ್ಟುಕೊಂಡಿದ್ದ ವಿಷಯ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮೆರಿಕದ ಹಿರಿಯ ಎಂಜಿನಿಯರ್ ಒಬ್ಬರು ಮೂರು ತಿಂಗಳು ರಾತ್ರಿ ಹೊತ್ತು ಫೋನಿನಲ್ಲಿ ನಮಗೆ ಪಾಠ ಹೇಳಿದರು. ಇಪ್ಪತ್ತು ವರ್ಷದಿಂದ ಅವರೇ ಬರೆದು ಬೆಳೆಸಿದ್ದ ಸಾಫ್ಟ್‌ವೇರ್. ಎಲ್ಲಿ ಏನು ಕೈಕೊಡುತ್ತದೆ, ಯಾವ ಸಾಲು ಮುಟ್ಟಬಾರದು, ಎಲ್ಲ ತಾಳ್ಮೆಯಿಂದ ಹೇಳಿದರು. ಕೊನೆಯ ದಿನ 'ಇನ್ನು ಮೇಲೆ ಇದು ನಿಮ್ಮದು, ಚೆನ್ನಾಗಿ ನೋಡಿಕೊಳ್ಳಿ' ಅಂದರು. ಆಮೇಲೆ ಗೊತ್ತಾಯಿತು, ಅದು ಅವರ ಕೆಲಸದ ಕೊನೆಯ ವಾರ. ಅಲ್ಲಿ ಅದಕ್ಕೊಂದು ಕ್ರಿಯಾಪದವೇ ಹುಟ್ಟಿತ್ತು, 'ಬ್ಯಾಂಗಲೋರ್ಡ್' ಅಂತ. ನಾವು ಕ್ಯಾಂಟೀನಿನಲ್ಲಿ ಅದನ್ನು ಜೋಕು ಮಾಡಿಕೊಂಡು ನಕ್ಕಿದ್ದೆವು. ನಾನೂ ನಕ್ಕಿದ್ದೆ.

ಹೋದ ವರ್ಷ ನಮ್ಮ ತಂಡದ ಅರ್ಧ ಕೆಲಸ ಪೋಲೆಂಡಿಗೆ ಹೋಯಿತು. ಅಲ್ಲಿ ಒಳ್ಳೆಯ ಗಣಿತದವರು ಇದ್ದಾರೆ, ಯೂರೋಪಿನ ಗಿರಾಕಿಗಳಿಗೆ ಹತ್ತಿರ, ಗಡಿಯಾರ ಹೊಂದುತ್ತದೆ. ಬೆಂಗಳೂರಿಗೆ ಬಂದಾಗ ಹೇಳಿದ್ದ ಕಾರಣಗಳೇ, ಊರಿನ ಹೆಸರು ಮಾತ್ರ ಬೇರೆ. ಪಾಠ ಹೇಳುವ ಕೆಲಸ ನನಗೆ ಬಂತು. ಆ ಕಡೆ ಒಬ್ಬ ಹುಡುಗಿ, ಚುರುಕು, ನಾನು ಹೇಳುವ ಮೊದಲೇ ಮುಂದಿನ ಪ್ರಶ್ನೆ ಕೇಳುವವಳು. ಮುಟ್ಟಬಾರದ ಸಾಲುಗಳನ್ನು ತೋರಿಸಿದೆ. ಅದರಲ್ಲಿ ಎರಡು ಸಾಲು ಆ ಹಿರಿಯರದೇ, ಹಾಗೇ ಉಳಿದಿದ್ದವು. ನನ್ನ ಕೆಲಸ ಸದ್ಯಕ್ಕೆ ಇದೆ, ಇನ್ನೊಂದು ತಂಡಕ್ಕೆ ಹಾಕಿದ್ದಾರೆ. ಬೆಂಗಳೂರಿನ ಮನೆಸಾಲ ಇನ್ನೂ ಹದಿನಾಲ್ಕು ವರ್ಷ ಇದೆ.

ದೀಪಾವಳಿಗೆ ಹೋದಾಗ ಅಪ್ಪನಿಗೆ ಇಷ್ಟೂ ಹೇಳಿದೆ. ಟಾಟಾ, ಮೈಸೂರು ಅರಸರು, ಎತ್ತಿನ ಗಾಡಿ, ಕಾಸರಗೋಡು, ಕೊನೆಗೆ ಪೋಲೆಂಡ್. ಎತ್ತಿನ ಗಾಡಿ ಬಂದಾಗ ಮಾತ್ರ ನಕ್ಕರು, "ನಮ್ ಗಾಡಿ ಕೊಟ್ಟಿದ್ರೂ ಆಗಿರೋದು" ಅಂದರು. ಪೋಲೆಂಡಿನ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ ಕೇಳಿದರು:

"ಆ ಊರಲ್ಲಿ ಏನ್ ಬೆಳೀತಾರೆ?"

"ಆಲೂಗೆಡ್ಡೆ ಜಾಸ್ತಿ ಅಂತೆ. ಸಕ್ಕರೆ ತೆಗೆಯೋ ಬೀಟ್‌ರೂಟೂ ಬೆಳೀತಾರೆ."

"ಆ ಹುಡ್ಗೀರಪ್ಪನೂ ರೈತನೇನೋ, ಕೇಳ್ದಾ?"

ಕೇಳಿರಲಿಲ್ಲ.

"ಕೇಳು ಒಂದ್ಸಲ" ಅಂದರು. "ಬುಧವಾರ ಸುಲಿಯೋರು ಬತ್ತಾರೆ, ರಜಾ ಇದ್ರೆ ನಿಂತ್ಕೊ."